ಹತ್ತಕ್ಕೆ ಮುಚ್ಚುವ ಪಾರ್ಕು

ಹೈದರಾಬಾದಿನ ಪಶ್ಚಿಮ ಭಾಗದ ಒಂದು ಕಾಲೊನಿ ಪಾರ್ಕಿಗೆ ನಿಮ್ಮನ್ನು ಕರೆದುಕೊಂಡು ಹೋಗುತ್ತಿದ್ದೇನೆ. ಹೆಸರು ಹೇಳುವುದಿಲ್ಲ. ಹೇಳಿದರೆ ಇದು ಆ ಒಂದು ಕಾಲೊನಿಯ ಮೇಲಿನ ದೂರು ಎನಿಸೀತು. ಇಂಥದೇ ಗೇಟು, ಇಂಥದೇ ಬೋರ್ಡು, ಇಂಥದೇ ಬೀಗ ಕೂಕಟಪಲ್ಲಿಯಲ್ಲೂ ಸಿಗುತ್ತವೆ, ಉಪ್ಪಲ್ ಕಡೆಯೂ ಸಿಗುತ್ತವೆ. ಬೆಂಗಳೂರಿನವರಿಗೂ ಇದು ಹೊಸದಲ್ಲ. ಮನೆ ಹತ್ತಿರದ ಪಾರ್ಕು ಯಾರ ಮನೆಗೆ ಹತ್ತಿರ ಎಂಬುದನ್ನು ನೋಡಬೇಕೆನಿಸಿತು. ಬೆಳಿಗ್ಗೆ ಎಂಟರ ಸುಮಾರಿಗೆ ಮುಖ್ಯರಸ್ತೆಯಿಂದ ಹೊರಟೆ.

ಮುಖ್ಯರಸ್ತೆಯಿಂದ ಒಳಗೆ ತಿರುಗಿದರೆ ಕಾಲೊನಿಯ ಕಮಾನು. ಅದರಾಚೆ ರಸ್ತೆಯ ಎರಡೂ ಬದಿ ಫುಟ್‌ಪಾತ್ ಇದೆ, ನಡೆಯಲು ಬರುವುದಿಲ್ಲ. ಒಂದು ಕಡೆ ಟ್ರಾನ್ಸ್‌ಫಾರ್ಮರ್ ಕೂತಿದೆ, ಇನ್ನೊಂದು ಕಡೆ ಮನೆಯವರು ಕಾರಿಗೆ ರ‍್ಯಾಂಪ್ ಕಟ್ಟಿಕೊಂಡಿದ್ದಾರೆ. ಹಾಗಾಗಿ ಎಲ್ಲರೂ ರಸ್ತೆಯಲ್ಲೇ ನಡೆಯುತ್ತಾರೆ, ನಾನೂ ನಡೆದೆ. ಪಾರ್ಕು ಇದೆ ಎಂದು ತಿಳಿದದ್ದು ಬಂಡೆಯಿಂದ. ಕಾಂಪೌಂಡಿಗಿಂತ ಎತ್ತರದ ಒಂದು ಹೆಬ್ಬಂಡೆ ಮರಗಳ ನಡುವೆ ತಲೆ ಎತ್ತಿತ್ತು. ಹೈದರಾಬಾದಿನ ಈ ಗ್ರಾನೈಟ್ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ ವಯಸ್ಸು ಎನ್ನುತ್ತಾರೆ ಭೂವಿಜ್ಞಾನಿಗಳು. ಮನೆಗಳೆದ್ದ ಕಡೆ ಇವನ್ನು ಸಿಡಿಸಿ ಜಲ್ಲಿ ಮಾಡಿದ್ದಾರೆ. ಪಾರ್ಕಿನ ಜಾಗದಲ್ಲಿ ಮನೆ ಕಟ್ಟುವಂತಿಲ್ಲವಾದ್ದರಿಂದ ಇದೊಂದು ಉಳಿದಿರಬೇಕು. ಇದು ನನ್ನ ಊಹೆ.

ಗೇಟಿನ ಮುಂದೆ ನಿಂತು ಮೊದಲು ಬೋರ್ಡುಗಳನ್ನು ಓದಿದೆ. ಮೊದಲನೆಯದು ನಗರಪಾಲಿಕೆಯದು, ತೆಲುಗು ಮತ್ತು ಇಂಗ್ಲಿಷಿನಲ್ಲಿ ಪಾರ್ಕಿನ ಹೆಸರು. ಎರಡನೆಯದು ಸಮಯ: ಬೆಳಿಗ್ಗೆ 5ರಿಂದ 10, ಸಂಜೆ 4ರಿಂದ 8. ಮೂರನೆಯದು ಮಾಡಬಾರದ್ದರ ಪಟ್ಟಿ. ಚೆಂಡಾಟ ಆಡಬಾರದು, ಹುಲ್ಲಿನ ಮೇಲೆ ಕೂರಬಾರದು, ತಿಂಡಿ ತರಬಾರದು, ನಾಯಿ ತರಬಾರದು, ಅಸಭ್ಯವಾಗಿ ವರ್ತಿಸಬಾರದು. ಯಾವುದು ಅಸಭ್ಯ ಎಂದು ಬರೆದಿಲ್ಲ. ನಾಲ್ಕನೆಯದು ಬೋರ್ಡಲ್ಲ, ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಕೈಯಲ್ಲಿ ಬರೆದ ಒಂದು ಸಾಲು: ಕಾಲೊನಿ ನಿವಾಸಿಗಳಿಗೆ ಮಾತ್ರ.

ಈ ನಾಲ್ಕನೆಯ ಸಾಲಿನ ಕೆಳಗೆ ಯಾರ ಸಹಿಯೂ ಇಲ್ಲ, ತಾರೀಕೂ ಇಲ್ಲ. ಯಾರು ಬರೆಸಿದ್ದು ಎಂದು ವಾಚ್‌ಮನ್‌ನನ್ನು ಕೇಳಿದೆ. ತಾನು ಕೆಲಸಕ್ಕೆ ಸೇರುವ ಮೊದಲೇ ಇತ್ತು ಎಂದ. ಹೊರಗಿನವರು ಬಂದರೆ ತಡೆಯುತ್ತೀಯಾ ಎಂದೆ. ‘ನೋಡಿ ಬಿಡುತ್ತೇನೆ’ ಎಂದ. ಏನು ನೋಡುತ್ತಾನೆ ಎಂದು ಕೇಳಬೇಕಿರಲಿಲ್ಲ. ಕಾಲಲ್ಲಿ ಶೂ ಹಾಕಿದ್ದ ನನ್ನನ್ನು ಏನೂ ಕೇಳದೆ ಬಿಟ್ಟಿದ್ದ.

ಇಲ್ಲಿ ಒಂದು ಕಾನೂನಿನ ಮಾತು. ಈ ಊರಿನಲ್ಲಿ ಲೇಔಟಿಗೆ ಮಂಜೂರಾತಿ ಬೇಕೆಂದರೆ ರಸ್ತೆ ಮತ್ತು ಬಯಲು ಜಾಗವನ್ನು ಸ್ಥಳೀಯ ಸಂಸ್ಥೆಯ ಹೆಸರಿಗೆ ಉಚಿತವಾಗಿ, ನೋಂದಾಯಿತ ದಾನಪತ್ರದ ಮೂಲಕ ಬಿಟ್ಟುಕೊಡಬೇಕು. ಅಲ್ಲಿಂದಾಚೆಗೆ ಆ ನೆಲ ಊರಿನದು. ಲೇಔಟಿನೊಳಗಿನ ರಸ್ತೆಯಲ್ಲಿ ನಡೆಯುವವರನ್ನು ‘ನೀವು ಈ ಕಾಲೊನಿಯವರೇ’ ಎಂದು ಯಾರೂ ತಡೆಯುವುದಿಲ್ಲ. ಅದೇ ದಾನಪತ್ರದಲ್ಲಿ ಬಂದ ಪಾರ್ಕಿನ ಗೋಡೆಗೆ ಮಾತ್ರ ಆ ಕೆಂಪು ಸಾಲು ಬಂದಿದೆ.

ಇನ್ನು ಗೇಟು. ದೊಡ್ಡ ಗೇಟಿಗೆ ಬೀಗ. ಕಸದ ಟ್ರ್ಯಾಕ್ಟರ್ ಬಂದಾಗಷ್ಟೇ ತೆಗೆಯುತ್ತಾರಂತೆ. ಜನರಿಗೆ ಪಕ್ಕದಲ್ಲಿ ಕಬ್ಬಿಣದ ಪೈಪುಗಳ ಅಂಕುಡೊಂಕು ದಾರಿ. ಬೈಕ್ ನುಗ್ಗದಿರಲಿ, ದನ ಬರದಿರಲಿ ಎಂದು ಮಾಡಿದ್ದು. ನಾನು ಸ್ವಲ್ಪ ಓರೆಯಾಗಿ ತಿರುಗಿ ದಾಟಿದೆ. ನನ್ನ ಹಿಂದೆ ಮೊಮ್ಮಗುವನ್ನು ತಳ್ಳುಗಾಡಿಯಲ್ಲಿ ತಂದ ಅಜ್ಜಿಗೆ ದಾಟಲಾಗಲಿಲ್ಲ. ಮಗುವನ್ನು ಎತ್ತಿಕೊಂಡರು, ಗಾಡಿಯನ್ನು ವಾಚ್‌ಮನ್ ಪೈಪಿನ ಮೇಲಿಂದ ಎತ್ತಿ ಆಚೆಗಿಟ್ಟ. ಇಬ್ಬರಿಗೂ ರೂಢಿಯಾಗಿದ್ದಂತಿತ್ತು. ಗಾಲಿಕುರ್ಚಿಯನ್ನು ಹಾಗೆ ಎತ್ತಿಡಲಾಗದು. ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ. ಬಾಗಿಲಿಗೆ ಕನಿಷ್ಠ 900 ಮಿಲಿಮೀಟರ್ ಅಡೆತಡೆಯಿಲ್ಲದ ಅಗಲವಿರಬೇಕು, ಇಳಿಜಾರು ಹನ್ನೆರಡಕ್ಕೆ ಒಂದಕ್ಕಿಂತ ಕಡಿದಾಗಿರಬಾರದು ಎಂದು ಕೇಂದ್ರ ಸರ್ಕಾರದ 2021ರ ಮಾರ್ಗಸೂಚಿ ಹೇಳುತ್ತದೆ. ಇಲ್ಲಿನ ಸಂದಿಯನ್ನು ನಾನು ಟೇಪು ಹಿಡಿದು ಅಳೆಯಲಿಲ್ಲ. ತಳ್ಳುಗಾಡಿಯೇ ಹೋಗದ ಕಡೆ ಗಾಲಿಕುರ್ಚಿ ಹೋಗದು ಎನ್ನಲು ಟೇಪು ಬೇಕಿಲ್ಲ.

ಒಳಗೆ ಮೊದಲು ಸಿಗುವುದು ವಾಕಿಂಗ್ ಟ್ರ್ಯಾಕ್. ಇಂಟರ್‌ಲಾಕ್ ಟೈಲ್ಸ್ ಹಾಸಿದ್ದಾರೆ, ಚೊಕ್ಕಟವಾಗಿದೆ. ಎಲ್ಲರೂ ಬಲಸುತ್ತು ಹಾಕುತ್ತಿದ್ದರು. ಕಂಬಕ್ಕೆ ಕಟ್ಟಿದ ಸ್ಪೀಕರಿನಲ್ಲಿ ಸಣ್ಣಗೆ ಸ್ತೋತ್ರ. ನಿವೃತ್ತರು ಹೆಚ್ಚು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ಐಟಿ ಉದ್ಯೋಗಿಗಳು ಕೆಲವರು, ಗುಂಪಾಗಿ ನಡೆಯುವ ಹೆಂಗಸರು. ಒಂದು ಸುತ್ತು ಮುಗಿಯುವಷ್ಟರಲ್ಲಿ ಎದ್ದು ಕಂಡದ್ದೇನೆಂದರೆ, ಕೆಲಸದ ಬಟ್ಟೆಯಲ್ಲಿದ್ದವರು ಇಬ್ಬರೇ. ಒಬ್ಬಾಕೆ ಎಲೆ ಗುಡಿಸುತ್ತಿದ್ದರು, ಇನ್ನೊಬ್ಬಾತ ಪೈಪು ಹಿಡಿದು ಗಿಡಕ್ಕೆ ನೀರು ಬಿಡುತ್ತಿದ್ದ.

ಟ್ರ್ಯಾಕಿನ ಪಕ್ಕ ಬೇವು, ಹೊಂಗೆ, ಏಳೆಲೆ ಹಾಲೆ. ಅವುಗಳ ಕೆಳಗೆ ಬೆಂಚುಗಳು. ಪ್ರತಿ ಬೆಂಚಿನ ಬೆನ್ನಿಗೂ ದಾನಿಗಳ ಹೆಸರು, ಯಾರದೋ ತಂದೆತಾಯಿಯ ಸ್ಮರಣೆ. ಬೆಂಚಿನ ನಡುವೆ ಒಂದು ಸ್ಟೀಲ್ ಕೈ ಹಾಕಿಸಿದ್ದಾರೆ. ವಯಸ್ಸಾದವರಿಗೆ ಏಳುವಾಗ ಆಸರೆಯಾಗಲಿ ಎಂದೋ, ಯಾರೂ ಮೈಚಾಚದಿರಲಿ ಎಂದೋ, ನೋಡಿದ ಮಾತ್ರಕ್ಕೆ ಹೇಳಲಾಗದು. ಎರಡೂ ಇರಬಹುದು. ಹುಲ್ಲುಹಾಸಿಗೆ ಹಗ್ಗ ಕಟ್ಟಿದ್ದಾರೆ, ಅದು ನೋಡುವುದಕ್ಕೆ ಮಾತ್ರ. ನಿರ್ಬಂಧವಿಲ್ಲದೆ ಕೂರಲು ಉಳಿದಿರುವುದು ಆ ಬಂಡೆಯೊಂದೇ. ಅದರ ಮೇಲೆ ಇಬ್ಬರು ಹುಡುಗಿಯರು ಕಾಲೇಜು ಬ್ಯಾಗು ಪಕ್ಕಕ್ಕಿಟ್ಟು ಕೂತಿದ್ದರು.

ಆ ಹುಡುಗಿಯರನ್ನು ನೋಡಿ ಈ ಊರಿನದೇ ಒಂದು ಹಳೆಯ ಸುದ್ದಿ ನೆನಪಾಯಿತು. 2021ರ ಆಗಸ್ಟಿನಲ್ಲಿ ಇಲ್ಲಿನ ಇಂದಿರಾ ಪಾರ್ಕಿನಲ್ಲಿ, ಮದುವೆಯಾಗದ ಜೋಡಿಗಳಿಗೆ ಪ್ರವೇಶವಿಲ್ಲ ಎಂಬ ಫಲಕ ಕಾಣಿಸಿಕೊಂಡಿತ್ತು. ಜನ ಪ್ರಶ್ನಿಸಿದ ಮೇಲೆ ಅದನ್ನು ತೆಗೆದರು. ಇಂದಿರಾ ಪಾರ್ಕು 76 ಎಕರೆಯದು, ಊರಿನ ನಡುವೆ ಇದೆ. ಅಲ್ಲಿ ಫಲಕ ಹಾಕಿದರೆ ಪತ್ರಿಕೆಯಲ್ಲಿ ಬರುತ್ತದೆ. ಎಕರೆಯಷ್ಟು ಜಾಗದ ಕಾಲೊನಿ ಪಾರ್ಕಿನಲ್ಲಿ ‘ಅಸಭ್ಯ’ ಎಂಬ ಒಂದು ಪದ ಸಾಕು, ಅರ್ಥವನ್ನು ವಾಚ್‌ಮನ್ ಮಾಡಿಕೊಳ್ಳುತ್ತಾನೆ.

ಮಕ್ಕಳ ಆಟದ ಜಾಗಕ್ಕೆ ಬಂದೆ. ಜಾರುಬಂಡೆ, ಉಯ್ಯಾಲೆ, ಕೆಳಗೆ ಮರಳು, ‘12 ವರ್ಷದೊಳಗಿನವರಿಗೆ’ ಎಂಬ ಸೂಚನೆ. ಪಕ್ಕದಲ್ಲಿ ಓಪನ್ ಜಿಮ್, ಅದು ದೊಡ್ಡವರಿಗೆ. ಹನ್ನೆರಡು ದಾಟಿ ಇನ್ನೂ ದೊಡ್ಡವರಾಗದವರಿಗೆ ಏನಿದೆ ಎಂದು ಹುಡುಕಿದೆ. ಏನೂ ಇಲ್ಲ. ಚೆಂಡು ತರುವಂತಿಲ್ಲ. ಆ ವಯಸ್ಸಿನ ಹುಡುಗರು ಸಂಜೆ ಹೊರಗಿನ ರಸ್ತೆಯಲ್ಲಿ, ಕಾರುಗಳ ನಡುವೆ ಕ್ರಿಕೆಟ್ ಆಡುತ್ತಾರೆ ಎಂದರು ಅಲ್ಲಿದ್ದ ಒಬ್ಬ ತಾಯಿ. ಹುಡುಗಿಯರು ಎಂದೆ. ಸ್ವಲ್ಪ ಯೋಚಿಸಿ, ‘ಮನೆಯಲ್ಲೇ ಇರುತ್ತಾರೆ’ ಎಂದರು.

ಮೂಲೆಯಲ್ಲಿ ಶೌಚಾಲಯ ಇದೆ, ಗಂಡಸರಿಗೆ ಒಂದು, ಹೆಂಗಸರಿಗೆ ಒಂದು. ಎರಡಕ್ಕೂ ಬೀಗ. ಕೀ ವಾಚ್‌ಮನ್ ಹತ್ತಿರ. ಕೀ ಕೇಳಲು ಗೇಟಿನ ತನಕ ಹೋಗಿ ಬರಬೇಕು. ಇಲ್ಲಿ ನಡೆಯಲು ಬರುವವರ ಮನೆ ಎರಡು ನಿಮಿಷದ ದಾರಿ, ಅವರಿಗೆ ಇದು ತೊಂದರೆಯಲ್ಲ. ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆದು ಐದನೆಯದಕ್ಕೆ ಹೋಗುವಾಕೆಗೆ, ದಿನವಿಡೀ ಬೈಕಿನ ಮೇಲಿರುವ ಡೆಲಿವರಿ ಹುಡುಗನಿಗೆ ಈ ಬೀಗ ತೆರೆದಿದ್ದರೆ ಉಪಯೋಗವಿತ್ತು. ಅವರು ಬಂದು ಕೀ ಕೇಳುತ್ತಾರೆಯೇ ಎಂದರೆ, ಇಲ್ಲವೆಂದೇ ನನ್ನ ಎಣಿಕೆ.

ಶೌಚಾಲಯದ ಎದುರಿಗೆ ಕಾಲೊನಿಯ ನಿವಾಸಿಗಳ ಸಂಘದ ಕೋಣೆ. ಒಳಗೆ ಸಿಸಿಟಿವಿ ಪರದೆ, ಗೋಡೆಯಲ್ಲಿ ತಿಂಗಳ ಚಂದಾ ಕೊಟ್ಟವರ ಮತ್ತು ಬಾಕಿ ಉಳಿಸಿಕೊಂಡವರ ಪಟ್ಟಿ. ಪಾರ್ಕಿನ ಜಾಗದಲ್ಲಿ ಸಂಘದ ಕೋಣೆ ಇರಬಹುದೇ ಎಂದು ಮೆಲ್ಲಗೆ ಕೇಳಿದೆ. ಸುತ್ತು ಮುಗಿಸಿ ನೀರು ಕುಡಿಯುತ್ತಿದ್ದ ಹಿರಿಯರೊಬ್ಬರು ಬೇಸರಪಡಲಿಲ್ಲ, ಕೂರಿಸಿ ಹೇಳಿದರು. ಒಂದು ಕಾಲಕ್ಕೆ ಈ ಜಾಗಕ್ಕೆ ಬೇಲಿ ಇರಲಿಲ್ಲವಂತೆ. ಯಾರೋ ಕಾಗದ ಹುಟ್ಟಿಸಿ, ಕಲ್ಲು ನೆಟ್ಟು, ನಿವೇಶನ ಮಾಡಿ ಮಾರಲು ಬಂದರಂತೆ. ಕಾಲೊನಿಯವರು ಕೈಯಿಂದ ದುಡ್ಡು ಹಾಕಿ ಕಚೇರಿಯಿಂದ ಕಚೇರಿಗೆ ಅಲೆದು ಉಳಿಸಿಕೊಂಡರಂತೆ. ‘ನಾವು ಇಲ್ಲದಿದ್ದರೆ ಇಲ್ಲಿ ಐದು ಅಂತಸ್ತಿನ ಅಪಾರ್ಟ್‌ಮೆಂಟ್ ನೋಡುತ್ತಿದ್ದಿರಿ, ಅಮ್ಮಾ’ ಎಂದರು. ಅವರು ಹೇಳಿದ್ದನ್ನೆಲ್ಲ ನಾನು ಪರೀಕ್ಷಿಸಿ ನೋಡಿಲ್ಲ. ನಂಬಲು ಕಾರಣಗಳಿವೆ.

ಕೂಕಟಪಲ್ಲಿ, ಶೇರಿಲಿಂಗಂಪಲ್ಲಿ, ಉಪ್ಪಲ್, ಎಲ್.ಬಿ. ನಗರ ಮೊದಲಾದ 12 ಪುರಸಭೆಗಳು ಹೈದರಾಬಾದ್ ಮಹಾನಗರಪಾಲಿಕೆಗೆ ಸೇರಿದ್ದು 2007ರ ಏಪ್ರಿಲಿನಲ್ಲಿ. ಅದಕ್ಕೆ ಮುಂಚೆ, ಊರು ಹೊಲಗಳ ಮೇಲೆ ಹರಡುತ್ತಿದ್ದ ಕಾಲದಲ್ಲಿ, ಲೇಔಟಿನ ನಕ್ಷೆಯಲ್ಲಿ ಹಸಿರು ಬಣ್ಣ ಹಚ್ಚಿದ ಚೌಕಗಳನ್ನು ಕಾಯುವವರು ಕಡಿಮೆ. ಕೆರೆಯಂಗಳ, ಪಾರ್ಕು ಜಾಗಗಳ ಒತ್ತುವರಿ ತೆಗೆಸಲಿಕ್ಕೆಂದೇ ತೆಲಂಗಾಣ ಸರ್ಕಾರ 2024ರ ಜುಲೈನಲ್ಲಿ ‘ಹೈಡ್ರಾ’ ಎಂಬ ಪ್ರತ್ಯೇಕ ಸಂಸ್ಥೆಯನ್ನು ಕಟ್ಟಬೇಕಾಯಿತು ಎಂದರೆ ಕಳೆದುಹೋದದ್ದು ಎಷ್ಟಿರಬಹುದು!

ಇಂಥ ಹೋರಾಟಕ್ಕೆ ಕಾನೂನಿನ ಬಲ ಕೊಟ್ಟದ್ದು ನಮ್ಮ ಬೆಂಗಳೂರಿನ ಒಂದು ಮೊಕದ್ದಮೆ. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆ ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆಂದು ಕೊಟ್ಟಾಗ ಅಲ್ಲಿನ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಉದ್ಯಾನ ಸಾರ್ವಜನಿಕರದು, ಅದನ್ನು ಖಾಸಗಿಯವರಿಗೆ ಕೊಡಲಾಗದು, ಕೊಟ್ಟರೆ ಪ್ರಶ್ನಿಸುವ ಹಕ್ಕು ಸುತ್ತಲಿನ ನಿವಾಸಿಗಳಿಗೆ ಇದೆ ಎಂಬುದು ಅದರ ಸಾರ. ಕರ್ನಾಟಕದಲ್ಲಿ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣೆಗೆ 1985ರ ಕಾಯ್ದೆ ಬೇರೆ ಇದೆ.

ಹಿರಿಯರಿಗೆ ಆ ತೀರ್ಪಿನ ಮೊದಲರ್ಧ ಗೊತ್ತಿತ್ತು. ನಿವಾಸಿಗಳು ಉಳಿಸಿಕೊಳ್ಳಬಹುದು ಎಂಬುದು. ಸಾರ್ವಜನಿಕರದು ಎಂಬ ಇನ್ನರ್ಧದ ಕುರಿತು ಕೇಳಿದೆ. ‘ಬಿಟ್ಟರೆ ಎಲ್ಲರೂ ಬರುತ್ತಾರೆ’ ಎಂದರು. ಎಲ್ಲರೂ ಎಂದರೆ ಯಾರು ಎಂದೆ. ಕೈಯಿಂದ ಹಿಂದಿನ ಗೋಡೆಯ ಕಡೆ ತೋರಿಸಿದರು. ರಾತ್ರಿ ಕುಡಿದು ಬಾಟಲಿ ಒಡೆದದ್ದು, ಉಯ್ಯಾಲೆಯ ಸರಪಳಿ ಕಳವಾದದ್ದು ಎಲ್ಲ ಹೇಳಿದರು. ಸುಳ್ಳು ಹೇಳುವವರಂತೆ ಕಾಣಲಿಲ್ಲ. ಆದರೆ ಬಾಟಲಿ ಒಡೆದದ್ದು ರಾತ್ರಿ, ಬೀಗ ಬೀಳುವುದು ಮಧ್ಯಾಹ್ನಕ್ಕೂ.

ಹಿಂದಿನ ಗೋಡೆಯ ಕಡೆ ನಡೆದೆ. ಅಲ್ಲೊಂದು ಸಣ್ಣ ಗೇಟು ಇದೆ. ಸರಪಳಿ ಸುತ್ತಿ ಬೀಗ ಹಾಕಿದ್ದಾರೆ, ಬೀಗ ತುಕ್ಕು ಹಿಡಿದಿದೆ. ಎಷ್ಟು ವರ್ಷದಿಂದ ಮುಚ್ಚಿದೆಯೋ, ಕೇಳಿದವರೆಲ್ಲ ಬೇರೆ ಬೇರೆ ಉತ್ತರ ಕೊಟ್ಟರು. ಸರಳುಗಳ ಆಚೆ ಕಿರಿದಾದ ಗಲ್ಲಿ, ಒಂದು ಸಾಲು ತಗಡಿನ ಶೆಡ್ಡುಗಳು, ಅವುಗಳ ಹಿಂದೆ ಏಳುತ್ತಿರುವ ದೊಡ್ಡ ಕಟ್ಟಡ. ಶೆಡ್ಡಿನ ಮುಂದೆ ಮಗುವಿಗೆ ತಲೆ ಬಾಚುತ್ತಿದ್ದ ಹೆಂಗಸು ಯಾರನ್ನೋ ಗದರಿದ್ದು ಕನ್ನಡದಲ್ಲಿ. ನಾನು ಕನ್ನಡದಲ್ಲೇ ಮಾತಾಡಿಸಿದೆ.

‘ನಮ್ದು ಯಾದಗಿರಿ ಕಡೀರಿ, ಅಕ್ಕಾರ’ ಎಂದು ಗೇಟಿನ ಹತ್ತಿರ ಬಂದಳು. ಪಾರ್ಕಿಗೆ ಬರುವುದಿಲ್ಲವೇ ಎಂದೆ. ‘ಬರಬ್ಯಾಡ್ರಿ ಅಂತ ಯಾರೂ ಅಂದಿಲ್ರಿ. ಒಂದ್ ಸಲ ಹುಡುಗರ್ನ ಕರಕೊಂಡು ಆ ಕಡಿ ಗೇಟಿನಿಂದ ಹೋಗಿದ್ದೆ. ಎಲ್ಲಾರೂ ಹೊಳ್ಳಿ ಹೊಳ್ಳಿ ನೋಡಾಕತ್ರು. ಆಮ್ಯಾಲ ಹೋಗ್ಲಿಲ್ರಿ.’ ಎಷ್ಟು ಹೊತ್ತಿಗೆ ಬಿಡುವಾಗುತ್ತದೆ ಎಂದೆ. ‘ಮಧ್ಯಾಹ್ನ ಉಂಡ ಮ್ಯಾಲ ಒಂದ್ ತಾಸು ಬಿಡ್ತಾರ್ರಿ. ಆವಾಗ ಇದು ಬಂದ್ ಇರ್ತದ. ಸಂಜೀಕ ಅಡಗಿ ಮಾಡಬೇಕಲ್ಲರಿ.’ ಮಗು ಸರಳಿನೊಳಗೆ ಕೈ ತೂರಿಸಿ ಈಚೆಗೆ ಬಿದ್ದಿದ್ದ ಹೊಂಗೆಕಾಯಿ ಹೆಕ್ಕುತ್ತಿತ್ತು.

ಈ ಗೇಟಿನಿಂದ ಆಟದ ಜಾಗಕ್ಕೆ ನಲವತ್ತು ಹೆಜ್ಜೆ ಇರಬಹುದು. ಅವಳು ಬರಬೇಕೆಂದರೆ ಗಲ್ಲಿ ದಾಟಿ, ಮುಖ್ಯರಸ್ತೆಗೆ ಬಂದು, ಕಮಾನಿನೊಳಗೆ ಹೊಕ್ಕು, ಆ ಕೆಂಪು ಸಾಲಿನ ಮುಂದೆ ವಾಚ್‌ಮನ್‌ನ ಕಣ್ಣು ತಪ್ಪಿಸದೆ ಹಾಯ್ದು ಬರಬೇಕು. ನಕ್ಷೆಯಲ್ಲಿ ನೋಡಿದರೆ ಅವಳ ಶೆಡ್ಡು ಪಾರ್ಕಿಗೆ ಕಾಲೊನಿಯ ಮುಕ್ಕಾಲು ಮನೆಗಳಿಗಿಂತ ಹತ್ತಿರ. ಬೀದರ್, ಗುಲ್ಬರ್ಗ, ರಾಯಚೂರು 1956ರ ತನಕ ಹೈದರಾಬಾದ್ ರಾಜ್ಯದ ಜಿಲ್ಲೆಗಳು, ಯಾದಗಿರಿ ಗುಲ್ಬರ್ಗದಲ್ಲಿತ್ತು. ಅವಳ ಅಜ್ಜನ ಕಾಲಕ್ಕೆ ಇದು ಅವಳ ಊರಿನವರ ರಾಜಧಾನಿ. ಈಗಲೂ ಇಲ್ಲಿನ ಕಟ್ಟಡಗಳನ್ನು ಎಬ್ಬಿಸುವ ಕೈಗಳಲ್ಲಿ ಆ ಜಿಲ್ಲೆಗಳ ಕೈಗಳು, ತೆಲಂಗಾಣದ ಪಾಲಮೂರು ಸೀಮೆಯ ಕೈಗಳು ತುಂಬ ಇವೆ.

ಅಷ್ಟರಲ್ಲಿ ಸೀಟಿ ಕೇಳಿಸಿತು. ಹತ್ತು ಗಂಟೆ. ಒಳಗಿದ್ದವರು ಒಬ್ಬೊಬ್ಬರಾಗಿ ಹೊರಟರು, ಬಂಡೆಯ ಮೇಲಿದ್ದ ಹುಡುಗಿಯರೂ ಇಳಿದರು. ನನ್ನ ಹಿಂದೆ ಪೈಪುಗಳ ದಾರಿಗೆ ಸರಪಳಿ ಬಿತ್ತು. ಹೊರಗೆ ಕಾಂಪೌಂಡಿನ ಪಕ್ಕ ಮೂವರು ಡೆಲಿವರಿ ಹುಡುಗರು ಬೈಕ್ ನಿಲ್ಲಿಸಿ ಕೂತಿದ್ದರು, ಒಳಗಿನ ಬೇವಿನ ನೆರಳು ಹೊರಗೆ ಬಿದ್ದ ಕಡೆ. ಏಪ್ರಿಲ್, ಮೇ ತಿಂಗಳಲ್ಲಿ ಈ ಊರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ನೆರಳು ಅತಿ ಹೆಚ್ಚು ಬೇಕಾದ ಆರು ತಾಸು ಪಾರ್ಕು ಮುಚ್ಚಿರುತ್ತದೆ.

ಈ ಹತ್ತು ಮತ್ತು ನಾಲ್ಕು ಎಲ್ಲಿಂದ ಬಂದವು? ಯಾರನ್ನು ಕೇಳಿದರೂ ‘ಎಲ್ಲ ಕಡೆಯೂ ಹಾಗೇ’ ಎಂದರು. ನನಗೆ ಹೊಳೆದದ್ದು ಜುಬಿಲಿ ಹಿಲ್ಸಿನ ಕೆಬಿಆರ್ ಉದ್ಯಾನ. ಅದೂ ಬೆಳಿಗ್ಗೆ ಮತ್ತು ಸಂಜೆ ಮಾತ್ರ ತೆರೆಯುತ್ತದೆ, ಟಿಕೆಟ್ ಇದೆ, ದಿನವೂ ನಡೆಯುವವರಿಗೆ ಪಾಸು ಇದೆ. ಆದರೆ ಅದು 1998ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾದ ಕಾಡು; ನವಿಲು, ಹಾವುಗಳಿಗೆ ಮಧ್ಯಾಹ್ನದ ಬಿಡುವು ಬೇಕು. ಎಕರೆ ಜಾಗದ ಉಯ್ಯಾಲೆಗೆ ಆ ಬಿಡುವು ಯಾಕೆ? ಬೆಂಗಳೂರಿನ ಪಾಲಿಕೆ ಪಾರ್ಕುಗಳೂ ಮಧ್ಯಾಹ್ನ ಮುಚ್ಚಿರುತ್ತಿದ್ದವು. 2024ರಲ್ಲಿ ಬೆಳಿಗ್ಗೆ 5ರಿಂದ ರಾತ್ರಿ 10ರ ತನಕ ತೆರೆದಿಡಬೇಕೆಂದು ತೀರ್ಮಾನವಾಯಿತು.

ಮಧ್ಯಾಹ್ನ ಕೂರಬೇಕೆಂದರೆ ನಾಂಪಲ್ಲಿಯ ಬಾಗ್-ಎ-ಆಮ್ ಇದೆಯಲ್ಲ ಎನ್ನಬಹುದು. ನಿಜಾಮರ ಕಾಲದ ಉದ್ಯಾನ. ವಸ್ತುಸಂಗ್ರಹಾಲಯ, ಜುಬಿಲಿ ಹಾಲ್ ಎಲ್ಲ ಅದರೊಳಗೇ ಇವೆ, ಮರಗಳ ಕೆಳಗೆ ಮೈಚಾಚಿದವರನ್ನೂ ಕಾಣಬಹುದು. ಆದರೆ ಒಂದು ತಾಸಿನ ಬಿಡುವಿರುವವಳು ಬಸ್ಸು ಹತ್ತಿ ನಾಂಪಲ್ಲಿಗೆ ಹೋಗಲಾರಳು. ದೊಡ್ಡ ಉದ್ಯಾನಗಳು ಭಾನುವಾರಕ್ಕೆ, ದಿನನಿತ್ಯಕ್ಕೆ ಬೇಕಾದದ್ದು ಮನೆ ಹತ್ತಿರದ್ದೇ.

ಹಾಗೆಂದು ಇದೊಂದು ಪಾರ್ಕು ಎಷ್ಟು ಜನರನ್ನು ತಾಳೀತು? ನಗರ ಯೋಜನೆಗೆ ಕೇಂದ್ರ ಸರ್ಕಾರ 2014ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ತಲೆಗೆ 10ರಿಂದ 12 ಚದರ ಮೀಟರ್ ಬಯಲು ಜಾಗ ಬೇಕು. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಆ ಲೆಕ್ಕದಲ್ಲಿ ಇದು ನಾನೂರು ಜನಕ್ಕೆ. ಹಿಂದೆ ಏಳುತ್ತಿರುವ ಕಟ್ಟಡವೊಂದರಲ್ಲೇ ಅಷ್ಟು ಜನ ಬಂದಾರು. ‘ಬಿಟ್ಟರೆ ಎಲ್ಲರೂ ಬರುತ್ತಾರೆ’ ಎಂಬ ಹಿರಿಯರ ಹೆದರಿಕೆಯ ಹಿಂದೆ ಈ ಕೊರತೆಯೂ ಇದೆ.

ಕೊರತೆ ಎಲ್ಲರಿಗೂ ಸಮವಾಗಿ ಹಂಚಿಕೆಯಾಗಿಲ್ಲ. ಮಂಜೂರಾತಿ ಪಡೆದ ಲೇಔಟಿಗೆ ಪಾರ್ಕು ಬಂತು. ಮಂಜೂರಾತಿ ಇಲ್ಲದೆ ಹುಟ್ಟಿದ ಲೇಔಟುಗಳನ್ನು ಸಕ್ರಮ ಮಾಡುವ 2020ರ ಯೋಜನೆಯಲ್ಲಿ, ಶೇ 10ರಷ್ಟು ಬಯಲು ಜಾಗ ಬಿಟ್ಟಿರದ ಕಡೆ ನಿವೇಶನದ ಮೌಲ್ಯದ ಶೇ 14ರಷ್ಟನ್ನು ಬದಲಿಗೆ ಕಟ್ಟಬೇಕು. ಹಣ ಖಜಾನೆಗೆ ಬರುತ್ತದೆ, ಆ ಬೀದಿಗೆ ಪಾರ್ಕು ಬರುವುದಿಲ್ಲ, ಬಿಡಲು ಅಲ್ಲಿ ನೆಲವೇ ಉಳಿದಿಲ್ಲ. ಇನ್ನು ನಿವೇಶನವೇ ಇಲ್ಲದ ಶೆಡ್ಡಿನವರಿಗೆ, ಬಸ್ತಿಯವರಿಗೆ ಈ ಎರಡು ಲೆಕ್ಕಗಳಲ್ಲೂ ಜಾಗವಿಲ್ಲ. ಪಾರ್ಕು ನಿವೇಶನದ ಜೊತೆಗೆ ಬರುವ ವಸ್ತುವಾಗಿರುವ ತನಕ, ನಿವೇಶನ ಉಳ್ಳವರಿಗೆ ಅದು ತಮ್ಮದೆನಿಸುವುದು ಸಹಜ.

ಮಾಡಬೇಕಾದದ್ದು ದೊಡ್ಡದೇನೂ ಅಲ್ಲ. ಹಿಂದಿನ ಗೇಟಿನ ಸರಪಳಿ ತೆಗೆಯಬೇಕು. ಮಧ್ಯಾಹ್ನ ತೆರೆದಿಡಬೇಕು. ಪೈಪುಗಳ ಪಕ್ಕ ಗಾಲಿಕುರ್ಚಿ ಹೋಗುವಷ್ಟು ಒಂದು ಸಂದಿ ಬಿಡಬೇಕು. ಆ ಕೆಂಪು ಸಾಲಿನ ಮೇಲೆ ಸುಣ್ಣ ಬಳಿಯಬೇಕು. ಆದರೆ ಎರಡನೆಯ ಗೇಟಿಗೆ ಇನ್ನೊಬ್ಬ ವಾಚ್‌ಮನ್ ಬೇಕು, ಮಧ್ಯಾಹ್ನಕ್ಕೆ ಇನ್ನೊಂದು ಪಾಳಿ ಬೇಕು, ಶೌಚಾಲಯ ತೊಳೆಯುವವರು ಬೇಕು. ಈಗ ಆ ಸಂಬಳದ ಪಾಲು ಹೋಗುತ್ತಿರುವುದು ಸಂಘದ ಕೋಣೆಯ ಗೋಡೆಯಲ್ಲಿ ನೋಡಿದ ಚಂದಾ ಪಟ್ಟಿಯಿಂದ. ನೆಲ ಊರಿನದು, ಖರ್ಚು ಕಾಲೊನಿಯದು. ಈ ಜಾಗ ಉಳಿಸಿದವರ ಬೀಗ ನ್ಯಾಯವಲ್ಲ ಎಂದು ಹೇಳುವುದು ನನಗೆ ಸುಲಭ. ಹೇಳಬೇಕಾದ್ದು ಪಾಲಿಕೆ. ವಾಚ್‌ಮನ್‌ನ ಸಂಬಳವನ್ನು ತಾನು ಕೊಡಲು ಶುರುಮಾಡದೆ, ಬೀಗದ ಕೈ ಕೊಡಿ ಎಂದು ಅದು ಯಾವ ಬಾಯಲ್ಲಿ ಕೇಳೀತು?